ಹೊರಸಿನ ಮೇಲೊಂದು ಹಲ್ಲು

ಎಳ್ಳ ಅಮಾಸಿ ಮರುದಿನ, ಕರಜಗಿ

ನಿನ್ನೆ ಹೊಲದಲ್ಲಿ ಚರಗ ಚೆಲ್ಲಿ ಬಂದ ಬುತ್ತಿಯಲ್ಲಿ ಖಡಕ್ ರೊಟ್ಟಿ ಇನ್ನೂ ಉಳಿದಿತ್ತು. ಬೆಳಿಗ್ಗೆ ಕಟ್ಟೆಯ ಮೇಲೆ ಕೂತು ಶೇಂಗಾ ಹಿಂಡಿ ಹಚ್ಚಿಕೊಂಡು ತಿನ್ನುತ್ತಿದ್ದೆ. ನಾಲ್ಕನೆಯ ತುತ್ತಿಗೋ ಐದನೆಯದಕ್ಕೋ ಹರಳು ಸಿಕ್ಕಿತು. ಜೋಳದ ಕಾಳಿನ ಹತ್ತನೆಯ ಒಂದು ಪಾಲೂ ಇರಲಿಕ್ಕಿಲ್ಲ. ಕಟಕಟ ಎಂದು ರೊಟ್ಟಿ ಪುಡಿಮಾಡುತ್ತಿದ್ದ ದವಡೆ ಅಲ್ಲೇ ನಿಂತಿತು. ನಾನು ನಿಲ್ಲಿಸಿದೆ ಅನ್ನುವ ಹಾಗಿಲ್ಲ. ಹರಳು ಅಂತ ನನಗೆ ತಿಳಿಯುವ ಮೊದಲೇ ಅದು ನಿಂತಿತ್ತು.

ಹಾಗಾದರೆ ಯಾರಿಗೆ ತಿಳಿಯಿತು? ಹಲ್ಲಿನ ಹೊರಗಿನ ಬಿಳಿ ಕವಚ, ಎನಾಮೆಲ್, ತೂಕದಲ್ಲಿ ನೂರಕ್ಕೆ 96ರಷ್ಟು ಖನಿಜ. ಅದರಲ್ಲಿ ನರವಿಲ್ಲ, ರಕ್ತವಿಲ್ಲ, ಜೀವಕೋಶವಿಲ್ಲ. ಒಮ್ಮೆ ಸವೆದರೆ ಮತ್ತೆ ಬೆಳೆಯುವುದಿಲ್ಲ. ಕಲ್ಲಿಗೆ ಕಲ್ಲು ತಾಗಿದ್ದು, ಅಷ್ಟೇ.

ಅಣ್ಣನ ಮಗಳು ರಜೆಗೆ ಬಂದಿದ್ದಾಳೆ. ಭೀಮೆಯ ಆಚೆ, ಕರ್ನಾಟಕದ ಒಂದು ದಂತ ಕಾಲೇಜಿನಲ್ಲಿ ಎಂಡಿಎಸ್ ಓದುತ್ತಾಳೆ. ಅವಳನ್ನೇ ಕೇಳಿದೆ.

"ಹಲ್ಲಿಗೆ ಗೊತ್ತಾಗೂದಿಲ್ಲ ಕಾಕಾ. ಹಲ್ಲಿನ ಬೇರಿಗೂ ಎಲುಬಿಗೂ ನಡುವ ಎಳಿ ಅದಾವ. ಅವಕ್ಕ ಗೊತ್ತಾಗ್ತದ."

ಹಲ್ಲು ದವಡೆಯಲ್ಲಿ ಕಟ್ಟಿಗೆಗೆ ಹೊಡೆದ ಮೊಳೆಯ ಹಾಗೆ ಕೂತಿದೆ ಎಂದೇ ಇಷ್ಟು ವರ್ಷ ತಿಳಿದಿದ್ದೆ.

ಅದೇ ದಿನ ಸಂಜೆ

ಮೊಳೆಯ ಹಾಗೆ ಅಲ್ಲ. ಹಲ್ಲಿನ ಬೇರು ಎಲುಬನ್ನು ಮುಟ್ಟುವುದೇ ಇಲ್ಲ. ನಡುವೆ ಸುಮಾರು 0.2 ಮಿಲಿಮೀಟರ್ ಸಂದು, ಎರಡು ಮೂರು ಕೂದಲು ಒತ್ತೊತ್ತಾಗಿ ಇಟ್ಟಷ್ಟು. ಆ ಸಂದಿನಲ್ಲಿ ಸಾವಿರಾರು ಎಳೆ. ಒಂದು ತುದಿ ಎಲುಬಿನೊಳಗೆ, ಇನ್ನೊಂದು ತುದಿ ಬೇರಿನ ಸಿಪ್ಪೆಯೊಳಗೆ ಹೂತಿರುತ್ತದೆ. ಹೆಚ್ಚಿನ ಎಳೆಗಳು ಓರೆಯಾಗಿ ಇಳಿಯುತ್ತವೆ. ಎಲುಬಿನ ಕಡೆ ಒಸಡಿನ ಹತ್ತಿರ ಮೇಲೆ, ಬೇರಿನ ಕಡೆ ತುದಿಯ ಹತ್ತಿರ ಕೆಳಗೆ. ಆದ್ದರಿಂದ ಹಲ್ಲನ್ನು ಒತ್ತಿದಾಗ ಅದು ಗುಣಿಯ ತಳಕ್ಕೆ ಕೂರುವುದಿಲ್ಲ, ಎಳೆಗಳ ಮೇಲೆ ಜೋತುಬೀಳುತ್ತದೆ.

ಪಡಸಾಲೆಯಲ್ಲಿ ಅಪ್ಪನ ಹೊರಸು ಇನ್ನೂ ಇದೆ. ಕೂತರೆ ಹುರಿ ಜಗ್ಗುತ್ತದೆ, ಭಾರ ನಾಲ್ಕು ಪಟ್ಟಿಗೂ ಹೋಗುತ್ತದೆ. ಮೊದಲು ಸಡಿಲವಾಗಿ ತಗ್ಗಿ, ಆಮೇಲೆ ಬಿಗಿಯಾಗಿ ನಿಲ್ಲುತ್ತದೆ. ಹಲ್ಲಿನದೂ ಹಾಗೆಯೇ ಅಂತೆ. ಸಣ್ಣ ಬಲಕ್ಕೆ ಬೇಗ ಸರಿಯುತ್ತದೆ, ಬಲ ಹೆಚ್ಚಿದ ಹಾಗೆ ಬಿಗಿಯುತ್ತದೆ, ಇದೆಲ್ಲ ಒಂದು ಕೂದಲಿನ ದಪ್ಪದೊಳಗೆ. ಅದರ ಜೊತೆಗೆ ಆ ಸಂದಿನಲ್ಲಿ ರಕ್ತವಿದೆ, ನೀರಿದೆ. ಒತ್ತಿದಾಗ ಅದು ಎಲುಬಿನ ಸಣ್ಣ ತೂತುಗಳಿಗೆ ಸರಿದು, ಬಿಟ್ಟಾಗ ಮರಳುತ್ತದೆ. ಹುರಿಯ ಹೊರಸೂ ಹೌದು, ನೀರು ತುಂಬಿದ ಹಾಸಿಗೆಯೂ ಹೌದು. ಯಾವುದು ಎಷ್ಟು ಎಂಬ ವಾದ ಇನ್ನೂ ಮುಗಿದಿಲ್ಲ.

ಇದಕ್ಕೆ ಕನ್ನಡದಲ್ಲಿ ಏನನ್ನುತ್ತಾರೆ ಎಂದೆ. "ಪೆರಿಯೊಡಾಂಟಲ್ ಲಿಗಮೆಂಟ್" ಅಂದಳು. ಅದು ಕನ್ನಡವಲ್ಲ. ಅವಳು ಹತ್ತನೆಯ ತರಗತಿಯವರೆಗೆ ಇಲ್ಲಿ ಕನ್ನಡ ಶಾಲೆಯಲ್ಲೇ ಓದಿದವಳು, ಪುಣೆಯ ಬಾಲಭಾರತಿ ಅಚ್ಚುಹಾಕುವ ಕನ್ನಡ ಪುಸ್ತಕಗಳಲ್ಲಿ. ಇಬ್ಬರೂ ಸ್ವಲ್ಪ ಹೊತ್ತು ಹುಡುಕಿದೆವು. ನುಲಿ ಅನ್ನೋಣ ಎಂದೆ. ಹುಲ್ಲು ಹೊಸೆದು ಹಗ್ಗ ಮಾಡುತ್ತಿದ್ದ ಚಂದಯ್ಯನ ಹೆಸರಿನ ಮುಂದೆ ನಿಂತ ಮಾತು ಅದು. ನಮ್ಮ ಮನೆಯ ಮಟ್ಟಿಗೆ ಹಲ್ಲಿನ ನುಲಿ ಎಂದು ನಿಂತಿದೆ. ಇನ್ನು ಮೇಲೆ ಹಾಗೆಯೇ ಬರೆಯುತ್ತೇನೆ.

ಎರಡು ದಿನ ಬಿಟ್ಟು

ಅವಳ ಪ್ರಬಂಧದ ವಿಷಯವೇ ಇದು ಎಂದು ಈಗ ಗೊತ್ತಾಯಿತು. ಲ್ಯಾಪ್‌ಟಾಪ್ ತೆರೆದು ತೋರಿಸಿದಳು. ಕೆಳದವಡೆಯ ಒಂದು ತುಂಡು, ನಡುವೆ ಒಂದು ದವಡೆ ಹಲ್ಲು. ಮೈತುಂಬ ಬಲೆ ಹಾಸಿದ ಹಾಗೆ ಸಣ್ಣ ಸಣ್ಣ ತ್ರಿಕೋನ. ಒಳಗೂ ಹಾಗೆಯೇ ಲಕ್ಷಗಟ್ಟಲೆ ತುಣುಕು ಅಂತೆ.

ಕೆಲಸದ ಕ್ರಮ ನಾನು ತಿಳಿದಷ್ಟು ಬರೆದಿಡುತ್ತೇನೆ. ಮೊದಲು ಸ್ಕ್ಯಾನ್. ದವಡೆಯನ್ನು ತೆಳುವಾದ ಹೋಳುಗಳ ಚಿತ್ರವಾಗಿ ಪಡೆಯುವುದು. ಚಿತ್ರದಲ್ಲಿ ಎನಾಮೆಲ್ ಯಾವುದು, ಒಳಗಿನ ಡೆಂಟಿನ್ ಯಾವುದು, ಗಟ್ಟಿ ಎಲುಬು ಯಾವುದು, ಜೇನುಗೂಡಿನಂಥ ಒಳ ಎಲುಬು ಯಾವುದು ಎಂದು ಬಿಡಿಸುವುದು. ಆಮೇಲೆ ಎಲ್ಲವನ್ನೂ ತುಣುಕುಗಳಾಗಿ ಕತ್ತರಿಸುವುದು. ಪ್ರತಿ ತುಣುಕಿಗೂ ಅದು ಎಷ್ಟು ಬಿಗಿ ಎಂಬ ಅಂಕಿ ಕೊಡುವುದು. ಹಲ್ಲಿನ ನೆತ್ತಿಯ ಮೇಲೆ ಇಂತಿಷ್ಟು ಬಲ, ಇಂಥ ಕೋನದಲ್ಲಿ ಎಂದು ಹೇಳುವುದು. ಒಂದು ತುಣುಕು ಸರಿದರೆ ಅದರ ನೆರೆಯ ತುಣುಕೂ ಸರಿಯಬೇಕು, ಬಲಗಳು ಸಮತೂಗಬೇಕು. ಹೀಗೆ ಲಕ್ಷಗಟ್ಟಲೆ ಸಮೀಕರಣ ಒಟ್ಟಿಗೇ ಬಿಡಿಸುವುದು ಯಂತ್ರದ ಪಾಲು.

ಇದು ಹುಟ್ಟಿದ್ದು ಹಲ್ಲಿಗಾಗಿ ಅಲ್ಲ, ವಿಮಾನದ ರೆಕ್ಕೆಗಾಗಿ. 1956ರಲ್ಲಿ ಟರ್ನರ್, ಕ್ಲಫ್, ಮಾರ್ಟಿನ್, ಟಾಪ್ ಎಂಬ ನಾಲ್ವರ ಲೇಖನ ಬಂತು. 1960ರಲ್ಲಿ ಕ್ಲಫ್ ಇದಕ್ಕೆ ಫೈನೈಟ್ ಎಲಿಮೆಂಟ್ ಎಂದು ಹೆಸರಿಟ್ಟರು. ಹಲ್ಲಿಗೆ ಬಂದದ್ದು 1973ರಲ್ಲಿ, ಒಂದೇ ವರ್ಷ ಒಂದೇ ಪತ್ರಿಕೆಯಲ್ಲಿ ಎರಡು ಲೇಖನ: ಥ್ರೆಷರ್ ಮತ್ತು ಸೈಟೊ ಅವರದೊಂದು, ಫರಾ, ಕ್ರೇಗ್, ಸಿಕಾರ್ಸ್ಕಿ ಅವರದೊಂದು. ಅದಕ್ಕೂ ಮುಂಚೆ ಹಲ್ಲಿನಾಕಾರದ ಪಾರದರ್ಶಕ ಪ್ಲಾಸ್ಟಿಕ್ ಮಾಡಿ, ಒತ್ತಿ, ವಿಶೇಷ ಬೆಳಕಿನಲ್ಲಿ ಮೂಡುವ ಬಣ್ಣದ ಪಟ್ಟಿಗಳನ್ನು ಎಣಿಸುತ್ತಿದ್ದರಂತೆ.

1973 ಅಂದಕೂಡಲೇ ನನಗೆ ನೆನಪಾಗುವುದು 72ರ ಬರ. ಅವ್ವ ಬರಗಾಲದ ಕಾಮಗಾರಿಯಲ್ಲಿ ರಸ್ತೆಗೆ ಖಡಿ ಒಡೆಯಲು ಹೋಗುತ್ತಿದ್ದಳು. ಅವಳ ಮಾತು ಮುಂದೆ ಬರುತ್ತದೆ.

ಅಣ್ಣನ ಮಗಳು ತಾನು ತಂದ ಪುಸ್ತಕವನ್ನೂ ನನಗೆ ತೋರಿಸಿದಳು: ಎಸ್.ಎಸ್. ಭಾವಿಕಟ್ಟಿ ಅವರ ಫೈನೈಟ್ ಎಲಿಮೆಂಟ್ ಅನಾಲಿಸಿಸ್. ಸುರತ್ಕಲ್ಲಿನಲ್ಲೂ ಹುಬ್ಬಳ್ಳಿಯ ಬಿವಿಬಿ ಕಾಲೇಜಿನಲ್ಲೂ ಪಾಠ ಹೇಳಿದವರು. ಕಟ್ಟಡ, ಸೇತುವೆ ಕಟ್ಟುವ ಹುಡುಗರಿಗಾಗಿ ಬರೆದದ್ದನ್ನು ಹಲ್ಲಿನ ಡಾಕ್ಟರು ಅಡಿಗೆರೆ ಹಾಕಿ ಓದುತ್ತಿದ್ದಾಳೆ. ನನಗೆ ಇದು ಬಹಳ ಸಂತೋಷದ ಸಂಗತಿ.

ಮರುದಿನ, ಅಂಕಿಗಳನ್ನು ನೋಡಿದ ಮೇಲೆ

ರಾತ್ರಿ ನಿದ್ದೆ ಬರಲಿಲ್ಲ. ಕಾರಣ ಒಂದು ಕೋಷ್ಟಕ.

ಎನಾಮೆಲ್‌ನ ಬಿಗಿತ ಸುಮಾರು 84 ಗಿಗಾಪ್ಯಾಸ್ಕಲ್. ಅಲ್ಯೂಮಿನಿಯಂಗಿಂತ ತುಸು ಹೆಚ್ಚು. ಡೆಂಟಿನ್ 18ರ ಸುತ್ತ. ಗಟ್ಟಿ ಎಲುಬು 14ರ ಹತ್ತಿರ, ಜೇನುಗೂಡು ಎಲುಬು ಒಂದೂ ಚಿಲ್ಲರೆ. ಇವುಗಳಿಗೆ ಹೆಚ್ಚಿನ ಪ್ರಬಂಧಗಳಲ್ಲಿ ಅಂಕಿ ಹೆಚ್ಚುಕಡಿಮೆ ಅದೇ. ನುಲಿಯ ಸಾಲಿಗೆ ಬಂದಾಗ? ಬೇರೆ ಬೇರೆ ಸಂಶೋಧಕರು ಬಳಸಿದ ಅಂಕಿಗಳು 0.01 ಮೆಗಾಪ್ಯಾಸ್ಕಲ್‌ನಿಂದ 1750 ಮೆಗಾಪ್ಯಾಸ್ಕಲ್‌ವರೆಗೆ. ಒಂದೂ ಮುಕ್ಕಾಲು ಲಕ್ಷ ಪಟ್ಟು ವ್ಯತ್ಯಾಸ! ಬಹಳ ಜನ 68.9 ಎಂದು ಹಿಡಿಯುತ್ತಾರೆ, ಇನ್ನು ಕೆಲವರು ಅದರ ನೂರನೆಯ ಒಂದು ಪಾಲು.

ನಮ್ಮೂರ ಸಂತೆಯಲ್ಲಿ ಒಬ್ಬ ಜೋಳವನ್ನು ಕೆಜಿಗೆ ಒಂದು ರೂಪಾಯಿ ಅಂದು, ಪಕ್ಕದವನು ಒಂದೂ ಮುಕ್ಕಾಲು ಲಕ್ಷ ಅಂದರೆ ಅದು ಜೋಳವೇ ಅಲ್ಲ ಎನ್ನುತ್ತೇವೆ. ಇಲ್ಲಿ ಎರಡೂ ಒಂದೇ ವಸ್ತುವಿನ ಹೆಸರಿನಲ್ಲಿವೆ.

ಅವಳು ಸಮಾಧಾನ ಹೇಳಿದಳು. ನುಲಿಗೆ ಒಂದೇ ಅಂಕಿ ಎಂಬುದೇ ಇಲ್ಲ. ಮೆಲ್ಲಗೆ ಒತ್ತಿದರೆ ಒಂದು, ಜೋರಾಗಿ ಒತ್ತಿದರೆ ಇನ್ನೊಂದು. ಥಟ್ಟನೆ ಒತ್ತಿದರೆ ಬೇರೆ, ಗಂಟೆಗಟ್ಟಲೆ ಒತ್ತಿ ಹಿಡಿದರೆ ಬೇರೆ. ಒಬ್ಬೊಬ್ಬರು ಒಂದೊಂದು ಹೊತ್ತಿನ ಹೊರಸನ್ನು ಅಳೆದಿದ್ದಾರೆ. ಒಬ್ಬರು ಹುರಿ ಜಗ್ಗುವ ಮೊದಲು, ಒಬ್ಬರು ಬಿಗಿದ ಮೇಲೆ. ಅಷ್ಟೇ ಅಲ್ಲ, ಸ್ಕ್ಯಾನಿನ ಒಂದೊಂದು ಚುಕ್ಕೆಯ ಅಳತೆಯೂ ಹೆಚ್ಚಾಗಿ ನುಲಿಯ ದಪ್ಪದಷ್ಟೇ ಇರುವುದರಿಂದ ಅದು ಚಿತ್ರದಲ್ಲಿ ಸರಿಯಾಗಿ ಮೂಡುವುದಿಲ್ಲ. ಬೇರಿನ ಸುತ್ತ ಒಂದೇ ಸಮನಾದ ಪದರವೆಂದು ಕೈಯಿಂದಲೇ ಹಚ್ಚಬೇಕು. ನಿಜದಲ್ಲಿ ಅದು ಬೇರಿನ ನಡುಭಾಗದಲ್ಲಿ ತೆಳು, ಎರಡೂ ತುದಿಗೆ ದಪ್ಪ.

ಇಡೀ ಮಾದರಿಯಲ್ಲಿ ಎಲ್ಲಕ್ಕಿಂತ ತೆಳುವಾದದ್ದು, ಎಲ್ಲಕ್ಕಿಂತ ಮೆತ್ತಗಿನದು, ಕಣ್ಣಿಗೆ ಕಾಣದ್ದು. ಹಲ್ಲು ಎಷ್ಟು ಸರಿಯುತ್ತದೆ ಎಂಬುದನ್ನು ಹೆಚ್ಚಾಗಿ ತೀರ್ಮಾನಿಸುವುದೂ ಅದೇ. ನನಗೆ ಒಗಟಾಗಿ ಉಳಿದಿರುವುದು ಇದು. ಗಟ್ಟಿ ಇರುವುದರ ಲೆಕ್ಕ ಸುಲಭಕ್ಕೆ ಸಿಕ್ಕಿಬಿಟ್ಟಿದೆ.

ಬೀಗ

ಇನ್ನೊಂದು ಕಷ್ಟವಿದೆ. ನುಲಿಯೊಳಗೆ ನೀರಿನ ಅಂಶ ಹೆಚ್ಚು. ಒತ್ತಿದರೆ ಆಕಾರ ಬದಲಾಗುತ್ತದೆ, ಗಾತ್ರ ಬಹುತೇಕ ಬದಲಾಗುವುದಿಲ್ಲ, ನೀರು ತುಂಬಿದ ಬಲೂನಿನ ಹಾಗೆ. ಇಂಥ ವಸ್ತುವಿಗೆ ಸಾಧಾರಣ ತುಣುಕುಗಳನ್ನು ಹಾಕಿದರೆ ಅವು ಬಿಗಿದುಕೊಂಡುಬಿಡುತ್ತವೆ. ಸರಿಯಬೇಕಾದದ್ದು ಸರಿಯುವುದಿಲ್ಲ, ಮೆತ್ತಗಿನದು ಕಲ್ಲಿನಂತೆ ನಡೆದುಕೊಳ್ಳುತ್ತದೆ. ಇದನ್ನು ಲಾಕಿಂಗ್ ಅನ್ನುತ್ತಾರೆ. ಯಂತ್ರ ತಪ್ಪು ಎಂದು ಹೇಳುವುದಿಲ್ಲ, ಬಣ್ಣದ ಚಿತ್ರ ಕೊಟ್ಟೇ ಕೊಡುತ್ತದೆ.

ಈ ಬೀಗದ ಮೂಲವನ್ನು ವರ್ಷಗಟ್ಟಲೆ ಹುಡುಕಿದವರಲ್ಲಿ ಬೆಂಗಳೂರಿನ ಎನ್‌ಎಎಲ್‌ನಲ್ಲಿದ್ದ ಗಂಗನ್ ಪ್ರತಾಪ್ ಒಬ್ಬರು. ಅವರು ನೋಡುತ್ತಿದ್ದದ್ದು ವಿಮಾನದ ತೆಳು ಹಲಗೆ, ತೊಲೆಗಳನ್ನು. 1993ರಲ್ಲಿ ಅದರ ಬಗ್ಗೆ ಪುಸ್ತಕವನ್ನೇ ಬರೆದರು. ಬೀಗದ ಬಗೆ ಹಲವು, ಹಲ್ಲಿನ ನುಲಿಯದು ಅದರಲ್ಲಿ ಒಂದು.

ಬಣ್ಣದ ಮಾತೂ ಬರೆದಿಡಬೇಕು. ಚಿತ್ರದಲ್ಲಿ ಕೆಂಪು ಕಂಡ ಕಡೆ ಹಲ್ಲು ಒಡೆಯುತ್ತದೆ ಅಂದುಕೊಂಡಿದ್ದೆ. ಹಾಗಲ್ಲ. ಕೆಂಪು ಅಂದರೆ ಆ ಚಿತ್ರದಲ್ಲಿ ಎಲ್ಲಕ್ಕಿಂತ ಹೆಚ್ಚು ಒತ್ತಡ ಇರುವ ಜಾಗ, ಅಷ್ಟೇ. ಅಲ್ಲದೆ ಆ ಬಣ್ಣಕ್ಕೆ ಬಹಳ ಸಲ ಬಳಸುವ ಅಳತೆ 1913ರಲ್ಲಿ ಫಾನ್ ಮಿಸೆಸ್ ಕೊಟ್ಟದ್ದು, ಬಾಗಿ ಬಳುಕುವ ಲೋಹಕ್ಕೆ ಹೊಂದುವಂಥದ್ದು. ಎನಾಮೆಲ್ ಬಳುಕುವುದಿಲ್ಲ, ಸೀಳುತ್ತದೆ. ಅದಕ್ಕೆ ಎಳೆತ ಎಲ್ಲಿ ಹೆಚ್ಚು ಎಂದು ನೋಡಬೇಕು. "ಗೈಡ್ ಸರ್ ಇದನ್ನ ಕೇಳೇ ಕೇಳ್ತಾರ" ಎಂದು ಅವಳು ಎರಡೂ ಬಗೆಯ ಚಿತ್ರ ತೆಗೆದಿಟ್ಟಿದ್ದಾಳೆ.

ಸಂಕ್ರಮಣದ ಸಮೀಪ

ಸೊಲ್ಲಾಪುರದ ಸಿದ್ಧೇಶ್ವರ ಜಾತ್ರೆಯ ದನದ ಸಂತೆಗೆ ಹೋಗಿದ್ದೆವು. ಖಿಲಾರಿ ಹೋರಿಗಳ ಸಾಲು. ಕೊಳ್ಳುವವರು ಮೂಗುದಾಣ ಹಿಡಿದು ತುಟಿ ಎತ್ತಿ ನೋಡುವುದು, ಎರಡು ಹಲ್ಲು, ನಾಲ್ಕು ಹಲ್ಲು, ಬಾಯಿಗೂಡೇದ ಎಂದು ಹೇಳುವುದು. ದನಕ್ಕೆ ಮೇಲೆ ಬಾಚಿಹಲ್ಲಿಲ್ಲ. ಕೆಳಗೆ ಎಂಟು, ಮೇಲೆ ಗಟ್ಟಿ ಒಸಡಿನ ಮೆತ್ತೆ.

ಒಬ್ಬ ರೈತ ಹೆಬ್ಬೆರಳಿನಿಂದ ಹೋರಿಯ ಮುಂದಿನ ಹಲ್ಲು ಒತ್ತಿದ. ಸ್ವಲ್ಪ ಅಲುಗಿತು. "ಸಡಲ ಅದ ಅಲ್ರಿ" ಅಂದೆ. "ಎತ್ತಿನ ಮುಂದಿನ ಹಲ್ಲು ಹಂಗ ಇರಬೇಕ್ರಿ. ಗಟ್ಟಿ ಕುಂತಿದ್ರ ಮ್ಯಾಲಿನ ಒಸಡ ಕಿತ್ತ ಹೋಗತಿತ್ತ" ಅಂದ. ಅಣ್ಣನ ಮಗಳು ಅಲ್ಲೇ ಫೋನಿನಲ್ಲಿ ಬರೆದುಕೊಂಡಳು. ಪುಸ್ತಕವೂ ಹಾಗೇ ಹೇಳುತ್ತದಂತೆ. ದನದ ಬಾಚಿಹಲ್ಲು ಗುಣಿಯಲ್ಲಿ ಸಡಿಲವಾಗಿಯೇ ಕೂತಿರುತ್ತದೆ, ಮೇಲಿನ ಮೆತ್ತೆಗೆ ಗಾಯವಾಗದಿರಲೆಂದು.

ಬರುವಾಗ ಎರೆಹೊಲದ ಬದುವಿನಲ್ಲಿ ಒಂದು ಗೂಟ ನೋಡಿದೆ. ಎಮ್ಮೆ ಒಂದೇ ದಿಕ್ಕಿಗೆ ಎಳೆದು ಎಳೆದು ಗೂಟದ ಕುತ್ತಿಗೆಯ ಆ ಕಡೆ ಮಣ್ಣು ಒತ್ತಿಹೋಗಿತ್ತು, ಈ ಕಡೆ ಬಿರುಕು. ಕಿತ್ತು ನೋಡಿದರೆ ತಳದಲ್ಲಿ ಉಲ್ಟಾ: ಈ ಕಡೆ ಒತ್ತು, ಆ ಕಡೆ ಸಂದು. ಹಲ್ಲನ್ನು ಅಡ್ಡ ಒತ್ತಿದಾಗಲೂ ಹೀಗೆಯೇ ಆಗುತ್ತದೆ ಎಂದು ಅವಳು ತೋರಿಸಿದ ಚಿತ್ರದಲ್ಲಿ ಇದೇ ಇತ್ತು. ಮೇಲೆ ಒಂದು ಮಗ್ಗುಲು ಕೆಂಪು, ತುದಿಯಲ್ಲಿ ಎದುರು ಮಗ್ಗುಲು ಕೆಂಪು, ನಡುವೆ ಎಲ್ಲೋ ಒಂದು ಕಡೆ ಅಲುಗದ ಜಾಗ.

ಆದರೆ ಗೂಟಕ್ಕೆ ಆಗದ್ದು ಹಲ್ಲಿಗೆ ಆಗುತ್ತದೆ. ತಂತಿ ಕಟ್ಟಿ ಮೆಲ್ಲಗೆ, ಬಿಡದೆ ಎಳೆದರೆ, ಒತ್ತಿದ ಕಡೆ ಎಲುಬು ಕರಗುತ್ತದೆ, ಎಳೆದ ಕಡೆ ಹೊಸ ಎಲುಬು ಕೂಡುತ್ತದೆ. 1904ರಲ್ಲಿ ಸ್ಯಾಂಡ್‌ಸ್ಟೆಟ್ ಎಂಬುವರು ನಾಯಿಗಳ ದವಡೆಯಲ್ಲಿ ಇದನ್ನು ತೋರಿಸಿದರು. ತಿಂಗಳಿಗೆ ಸುಮಾರು ಒಂದು ಮಿಲಿಮೀಟರ್. ಗೂಟ ತನ್ನ ಗುಣಿಯನ್ನೂ ಜೊತೆಗೆ ಕರೆದುಕೊಂಡು ನೆಲದೊಳಗೆ ನಡೆದ ಹಾಗೆ. ಆ ಎಲುಬಿಗೆ ಸುದ್ದಿ ಮುಟ್ಟಿಸುವುದೂ ನುಲಿಯೇ.

ನುಲಿ ಇಲ್ಲದ ಹಲ್ಲೂ ಈಗ ಬಂದಿದೆ. ನಮ್ಮ ಓಣಿಯ ನಿವೃತ್ತ ಮಾಸ್ತರರು ಒಂದು ಇಂಪ್ಲಾಂಟ್ ಹಾಕಿಸಿಕೊಂಡಿದ್ದಾರೆ. ಟೈಟಾನಿಯಂ ತಿರುಪು ನೇರವಾಗಿ ಎಲುಬಿಗೇ ಕೂಡಿಕೊಳ್ಳುತ್ತದೆ. ಸ್ವೀಡನ್ನಿನ ಬ್ರೊನೆಮಾರ್ಕ್ 1965ರಲ್ಲಿ ಮೊದಲ ಸಲ ಮನುಷ್ಯನಿಗೆ ಹಾಕಿದ್ದು ಇದೇ ಬಗೆ. ನಾನು ಕಟ್ಟಿಗೆಗೆ ಹೊಡೆದ ಮೊಳೆ ಎಂದುಕೊಂಡಿದ್ದು ಇಲ್ಲಿ ನಿಜ. "ರೊಟ್ಟಿ ಛಲೋ ಕಡಿತದ. ಹರಳು ಸಿಕ್ರ ಮಾತ್ರ ಆ ಕಡೆ ಸರಿಯಾಗಿ ತಿಳಿಯೂದಿಲ್ಲ" ಅಂದರು ಮಾಸ್ತರರು. ಮಾದರಿಯಲ್ಲೂ ಅಂಥ ಹಲ್ಲಿನ ಒತ್ತಡ ಎಲುಬಿನ ಬಾಯಂಚಿಗೇ, ಕುತ್ತಿಗೆಯ ಸುತ್ತಲೇ ಗುಂಪುಗೂಡುತ್ತದೆ.

ಅವ್ವನ ಮಾತು

ಇದನ್ನು ಬರೆಯಲು ತಡಮಾಡಿದ್ದೇನೆ.

ಅವ್ವ ಮಿಸ್ರಿ ತಿಕ್ಕುತ್ತಿದ್ದಳು. ತಂಬಾಕನ್ನು ಹಂಚಿನ ಮೇಲೆ ಕಪ್ಪಗಾಗುವ ತನಕ ಹುರಿದು, ಪುಡಿ ಮಾಡಿ, ಡಬ್ಬಿಯಲ್ಲಿಟ್ಟು, ತೋರುಬೆರಳಿನಿಂದ ಹಲ್ಲಿಗೂ ಒಸಡಿಗೂ ತಿಕ್ಕುವುದು. ನಮ್ಮ ಕಡೆ ಅವಳ ವಾರಿಗೆಯ ಹೆಂಗಸರಲ್ಲಿ ಬಹಳ ಜನಕ್ಕೆ ಇದಿತ್ತು. ಖಡಿ ಒಡೆಯಲು ಹೋದಾಗ ಹಸಿವು ತಿಳಿಯದಿರಲೆಂದು ಶುರು ಮಾಡಿದೆ ಎಂದು ಹೇಳುತ್ತಿದ್ದಳು. ಮೊದಲು ಬೆಳಿಗ್ಗೆ ಒಂದು ಸಲ, ಆಮೇಲೆ ನಾಲ್ಕೈದು ಸಲ.

ಅವಳ ಹಲ್ಲಿಗೆ ಹುಳುಕು ಇರಲಿಲ್ಲ. ಒಂದೂ ಇರಲಿಲ್ಲ. ವಯಸ್ಸಾದ ಹಾಗೆ ಹಲ್ಲು ಉದ್ದವಾಗುತ್ತ ಬಂದವು, ಅಂದರೆ ಒಸಡು ಕೆಳಗಿಳಿಯಿತು. ಆಮೇಲೆ ಒಂದೊಂದೇ ಅಲುಗಾಡಿ ಕೈಗೆ ಬಂದವು. ನೋವಿಲ್ಲ, ರಕ್ತವೂ ಹೆಚ್ಚಿಲ್ಲ. ಒಂದನ್ನು ನಾನು ಅಂಗೈಯಲ್ಲಿ ಇಟ್ಟುಕೊಂಡು ನೋಡಿದ್ದು ನೆನಪಿದೆ. ಇಡಿಯಾದ ಹಲ್ಲು, ಇಡಿಯಾದ ಬೇರು. ಇದಕ್ಕೇನಾಗಿತ್ತು ಎಂದು ಬಿದ್ದಿತು ಎಂಬ ಪ್ರಶ್ನೆ ಅಂದಿನಿಂದ ನನ್ನ ತಲೆಯಲ್ಲಿದೆ.

ಹಲ್ಲಿಗೆ ಏನೂ ಆಗಿರಲಿಲ್ಲ. ಆಗಿದ್ದು ಗುಣಿಗೆ. ಬೇರಿನ ಸುತ್ತಲ ಕೊಳೆಯಲ್ಲಿ ಬೆಳೆಯುವ ಕೀಟಾಣು, ಅದರ ಜೊತೆ ತಂಬಾಕು, ಅವ್ವನಿಗೆ ಕೊನೆಗೆ ಸಕ್ಕರೆ ಕಾಯಿಲೆಯೂ ಇತ್ತು. ನುಲಿ ಮೇಲಿನಿಂದ ಹರಿಯುತ್ತ, ಎಲುಬು ಮೇಲಿನಿಂದ ಕರಗುತ್ತ ಬರುತ್ತದೆ. ಮಳೆಗೆ ಗೂಟದ ಸುತ್ತಲ ಮಣ್ಣು ಕೊಚ್ಚಿಹೋದ ಹಾಗೆ. ನೆಲದಿಂದ ಹೊರಗಿನ ಗೂಟ ಉದ್ದವಾಗುತ್ತದೆ, ಒಳಗಿನದು ಗಿಡ್ಡವಾಗುತ್ತದೆ. ಎಳೆಯುವ ಎಮ್ಮೆ ಅದೇ, ಹಗ್ಗ ಅದೇ.

ನಾನು ಕೇಳಿದ್ದಕ್ಕೆ ಅಣ್ಣನ ಮಗಳು ತನ್ನ ಮಾದರಿಯಲ್ಲಿ ಎಲುಬನ್ನು ಎರಡೆರಡು ಮಿಲಿಮೀಟರ್ ಇಳಿಸಿ, ಎಲ್ಲ ಚಿತ್ರಗಳಿಗೂ ಬಣ್ಣದ ಒಂದೇ ಅಳತೆ ಇಟ್ಟು ತೋರಿಸಿದಳು. ಅಡ್ಡ ಬಲ ನೂರು ನ್ಯೂಟನ್, ಅಂದರೆ ಸುಮಾರು ಹತ್ತು ಕೆಜಿ ತೂಕ. ಮೊದಲ ಚಿತ್ರದಲ್ಲಿ ನುಲಿ ಹಸಿರು, ಅಂಚಿಗೆ ಹಳದಿ. ಎರಡನೆಯದರಲ್ಲಿ ಹಳದಿ ಇಳಿಯಿತು. ಮೂರನೆಯದಕ್ಕೆ ಕೆಂಪು ಬಂತು. ಇಲ್ಲಿ ಕರೆಂಟು ಹೋಯಿತು, ಬ್ಯಾಟರಿಯ ಮೇಲೆ ಮುಂದುವರಿಸಿದೆವು. ಅರ್ಧ ಬೇರು ಹೊರಗೆ ಬಂದಾಗ ಉಳಿದ ನುಲಿಯೆಲ್ಲ ಕೆಂಪು.

"ಇನ್ನೂ ಇಳಸು" ಅಂದೆ.

ಇಳಿಸಿದಳು. ಕೊನೆಗೆ ಬೇರಿನ ತುದಿಯೊಂದೇ ಉಳಿಯಿತು. "ಇನ್ನ ಮುಂದ ಲೆಕ್ಕ ಬಿಡಸಾಕ ಆಗೂದಿಲ್ಲ ಕಾಕಾ. ಹಲ್ಲು ಹಿಡಿಯಾಕ ಏನೂ ಇಲ್ಲ ಅಂದ್ರ ಮಷಿನ್ ನಿಂತಬಿಡ್ತದ."

ಅವ್ವನ ಬಾಯಲ್ಲಿ ಎಡಗಡೆ ಕೆಳಗೆ ಒಂದೇ ಒಂದು ದವಡೆ ಹಲ್ಲು ಉಳಿದಿತ್ತು. ನಾಲಿಗೆ ತಾಗಿದರೂ ಅಲುಗುತ್ತಿತ್ತು. ಅದರಲ್ಲೇ ಅವಳು ಎರಡು ವರ್ಷ ಉಂಡಳು. ಇದನ್ನು ಹೇಳಿದಾಗ ಅಣ್ಣನ ಮಗಳು ಕೀಲಿಮಣೆಯಿಂದ ಕೈ ತೆಗೆದಳು.

"ಆಯಿಗೆ ನೂರು ನ್ಯೂಟನ್ ಹಾಕಬಾರದಾಗಿತ್ತು" ಅಂದಳು ಸ್ವಲ್ಪ ಹೊತ್ತು ಬಿಟ್ಟು. ಮಾದರಿಯಲ್ಲಿ ಬಲವನ್ನು ನಾವು ಹೇಳುತ್ತೇವೆ. ಬಾಯಲ್ಲಿ ಬಲವನ್ನು ಹೇಳುವುದು ನುಲಿ. ಎಷ್ಟು ಒತ್ತಬೇಕು, ಯಾವಾಗ ನಿಲ್ಲಬೇಕು ಎಂದು ದವಡೆಯ ಸ್ನಾಯುವಿಗೆ ಕ್ಷಣಕ್ಷಣ ಸುದ್ದಿ ಮುಟ್ಟಿಸುತ್ತದೆ. ಉಳಿದಷ್ಟು ನುಲಿಯೂ ಆ ಕೆಲಸ ಬಿಟ್ಟಿರಲಿಲ್ಲ. ಆರೋಗ್ಯವಂತರ ದವಡೆ ಹಲ್ಲು ಗರಿಷ್ಠ 500ರಿಂದ 700 ನ್ಯೂಟನ್ ಹಾಕಬಲ್ಲದು. ಅವ್ವ ಎಷ್ಟು ಹಾಕುತ್ತಿದ್ದಳು ಎಂದು ನೋಡಿದವರಿಲ್ಲ. ಅಣ್ಣನ ಮಗಳು ಬಲವನ್ನು 10ಕ್ಕೆ ಇಳಿಸಿ, ಕೋನವನ್ನು ನೆಟ್ಟಗೆ ಮಾಡಿ ಮತ್ತೆ ಹಚ್ಚಿದಳು. ಬ್ಯಾಟರಿ ಮುಗಿಯುವ ಮುಂಚೆ ಚಿತ್ರ ಬಂತು. ಕೆಂಪು ಇರಲಿಲ್ಲ.

ಅವ್ವ ರೊಟ್ಟಿಯನ್ನು ಬೇಳೆಸಾರಿನಲ್ಲಿ ನೆನೆಹಾಕಿ, ಸಣ್ಣ ತುತ್ತು ಮಾಡಿ, ಬೆರಳಿನಿಂದಲೇ ಒಯ್ದು ಆ ಹಲ್ಲಿನ ನೆತ್ತಿಯ ಮೇಲೆ ಇಡುತ್ತಿದ್ದಳು. ಕಣ್ಣು ಮುಚ್ಚಿ, ನೆಟ್ಟಗೆ, ನಿಧಾನಕ್ಕೆ ಒತ್ತುತ್ತಿದ್ದಳು. ಅಡ್ಡ ಹೊರಳಿಸುತ್ತಿರಲಿಲ್ಲ. ಮೊಮ್ಮಕ್ಕಳು ಕಬ್ಬಿನ ಗಣಿಕೆ ತಂದರೆ ಕೈಯಲ್ಲಿ ಹಿಡಿದು ವಾಸನೆ ನೋಡಿ ತಿರುಗಿ ಕೊಡುತ್ತಿದ್ದಳು.